ಮರುಭೂಮಿಗೆ ಹೋದ ಮಿಲಿಟರಿ ಗಾಡಿ

ನಮ್ಮಪ್ಪ ಆ ಗಾಡಿಯ ಸ್ಟೇರಿಂಗನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಗದ್ವಾಲದ ಮೆಕ್ಯಾನಿಕ್ ಕೂಡ ಬಾನೆಟ್ಟಿನೊಳಗೆ ತಲೆ ತೂರಿಸಿ "ಈಗ ಸ್ಟಾರ್ಟ್ ಮಾಡ್ರಿ" ಅನ್ನಬೇಕು, ಅಪ್ಪನೇ ಒಳಗೆ ಕೂತು ಕೀಲಿ ತಿರುಗಿಸಬೇಕು. ನನ್ನ ಗಂಡ, ಅಂದರೆ ಮನೆಗೆ ಒಬ್ಬನೇ ಅಳಿಯ, ಒಮ್ಮೆ ಆಸೆಪಟ್ಟು ಬಾಗಿಲಿನ ಹಿಡಿಗೆ ಕೈ ಹಾಕಿದ್ದಕ್ಕೆ "ಬರ್ರಿ, ಚಾ ಕುಡಿಯೋಣು" ಎಂದು ಭುಜ ಹಿಡಿದು ಒಳಗೆ ಕರೆದುಕೊಂಡು ಹೋಗಿದ್ದ. ಇನ್ನು ನನ್ನ ಪಾಡು ಕೇಳುವುದೇ ಬೇಡ. ಟ್ರ್ಯಾಕ್ಟರ್ ಕೊಡುತ್ತಿದ್ದ, ಸ್ಕೂಟರ್ ಕೊಡುತ್ತಿದ್ದ, ಮದುವೆಯಾದ ಮೇಲೆ ನಾನು ಕಾರು ಓಡಿಸುವುದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಉಬ್ಬುತ್ತಿದ್ದ. ಮಿಲಿಟರಿ ಗಾಡಿ ಅಂದಕೂಡಲೇ ಮಾತ್ರ "ಅದು ನಿನ್ನ ಮಾತು ಕೇಳಾಂಗಿಲ್ಲವ್ವ" ಅಂದುಬಿಡುತ್ತಿದ್ದ. ಗಾಡಿ ಏನು ಎತ್ತೇ, ಗುರುತಿನವರ ಮಾತನ್ನಷ್ಟೇ ಕೇಳಲಿಕ್ಕೆ? ಸಿಟ್ಟು ಬರುತ್ತಿತ್ತು ನನಗೆ. ಈಗ ನೆನೆಸಿಕೊಂಡರೂ ಬರುತ್ತದೆ.

ಮಕ್ತಲದಲ್ಲಿ ನಮ್ಮದು ಗಾಡಿ ಎಳೆಯುವವರ ಮನೆ ಎಂದೇ ಹೆಸರು. ಅಪ್ಪ ಮದುವೆಗೂ ಮುಂಚೆ ಮಿಲಿಟರಿಯವರ ಹರಾಜಿನಲ್ಲಿ ಹಿಡಿದು ತಂದ ಲಾರಿ ಅದು. ಗಿಡ್ಡ ಮೂತಿ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ, ಹಿಂದೆ ಕಟ್ಟಿಗೆಯ ಬಾಡಿ, ಮುಂದೆ ಉಕ್ಕಿನ ಹಗ್ಗ ಸುತ್ತಿದ ರಾಟೆ. ಮಾಗನೂರಿನ ಕೆಳಗೆ ಕೃಷ್ಣೆಯ ಉಸುಕಿನಲ್ಲಿ ಟ್ರ್ಯಾಕ್ಟರ್ ಹೂತುಕೊಂಡರೆ, ಮಳೆಗಾಲದಲ್ಲಿ ಕರಿಮಣ್ಣಿನ ಎರೆ ಹೊಲದಲ್ಲಿ ಹತ್ತಿಯ ಲಾರಿ ಸಿಕ್ಕಿಬಿದ್ದರೆ, ಆ ಕಡೆ ಐಜ, ವಡ್ಡೆಪಲ್ಲಿಯವರೂ ಅಪ್ಪನನ್ನೇ ಕರೆಸುತ್ತಿದ್ದರು. ಅಪ್ಪನ ಪದ್ಧತಿ ಒಂದಿತ್ತು. ಹೋದವನೇ ಹಗ್ಗ ಬಿಚ್ಚುತ್ತಿರಲಿಲ್ಲ. ಸಿಕ್ಕಿಬಿದ್ದವನ ಎದುರು ನಿಂತು ಮೊದಲು ಬಾಯಿ ತುಂಬ ಬೈಯುತ್ತಿದ್ದ. "ಕಣ್ಣು ಎಲ್ಲಿಟ್ಟಿದ್ದೆಲೇ? ಯಾವನಲೇ ನಿನಗ ಗಾಡಿ ಕಲಿಸಿದಾವ? ಇದೇನು ನಿಮ್ಮತ್ತಿ ಮನಿ ಅಂಗಳ ಏನು?" ಅವನು ತಲೆ ತಗ್ಗಿಸಿ ಕೇಳಬೇಕು. ಬೈಗುಳ ಮುಗಿದ ಮೇಲೆ ಹಗ್ಗ. ಜನರಿಗೂ ಅದು ರೂಢಿಯಾಗಿತ್ತು. ಅಪ್ಪ ಬೈಯಲು ಶುರು ಮಾಡಿದ ಅಂದರೆ ಗಾಡಿ ಹೊರಗೆ ಬಂದಂತೆಯೇ ಎಂದು ಅವರು ನಿಟ್ಟುಸಿರು ಬಿಡುತ್ತಿದ್ದರು.

ನನ್ನನ್ನು ಕೊಟ್ಟ ಊರು ನಾರಾಯಣಪೇಟೆ. ಗಂಡನ ಮನೆಯವರದು ಸೀರೆ ಅಂಗಡಿ. ಬಂದವರ ಮುಂದೆ ಸೀರೆ ಬಿಚ್ಚು, ಮಡಚು, ಮತ್ತೆ ಬಿಚ್ಚು, ಮತ್ತೆ ಮಡಚು. ನನಗೋ ಹುಟ್ಟಿದಾಗಿನಿಂದ ಕೂತಲ್ಲಿ ಕೂರಲಾಗದ ಕಾಲು. ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟದ ವರ್ಷಗಳಲ್ಲಿ ಮಾತೆತ್ತಿದರೆ ಬಂದ್, ಬಸ್ಸಿಲ್ಲ, ಷಟರ್ ಅರ್ಧ ಇಳಿಸಿ ಒಳಗೆ ಕೂತಿರಬೇಕು. ಆಗ ನನ್ನ ಗಂಡ "ನೀ ಹಿಂಗ ಅಡ್ಡಾಡಿದ್ರ ನೆಲದ ಹಾಸಗಲ್ಲು ಸವೀತಾವ ನೋಡು" ಎಂದು ನಗುತ್ತಿದ್ದ. ಕಡೆಗೂ ರಾಜ್ಯ ಬಂತು. ಪಟಾಕಿ ಹೊಡೆದರು, ಗುಲಾಲು ಎರಚಿದರು. ಹೋರಾಟದ ದಿನಗಳಲ್ಲಿ ಗಾಡಿಯ ನಂಬರಿನಲ್ಲಿ ತಾವೇ ಬಣ್ಣ ಹಚ್ಚಿ ಟಿಜಿ ಎಂದು ತಿದ್ದಿಕೊಂಡಿದ್ದವರು ಈಗ ಅದನ್ನು ಅಳಿಸಿ ಟಿಎಸ್ ಎಂದು ಬರೆಸಿದರು. ಎಲ್ಲ ಬದಲಾಗುತ್ತದೆ, ಎಲ್ಲ ಹೊಸದಾಗುತ್ತದೆ ಎಂಬ ಗದ್ದಲ. ನಾನು ಮಾತ್ರ ಅದೇ ಅಂಗಡಿಯಲ್ಲಿ ಅದೇ ಸೀರೆ ಮಡಚುತ್ತಿದ್ದೆ. ಎದೆಯೊಳಗೆ ಏನೋ ಕುದಿಯುತ್ತಿತ್ತು. ಏನದು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ತವರಿಗೆ ಹೋಗಿದ್ದೆ. ಹೊಳೆ ನೋಡಲು ಬಂದಿದ್ದ ಹೈದರಾಬಾದಿನವರೊಬ್ಬರು ಹೊಸ ಜೀಪನ್ನು ಕೃಷ್ಣೆಯ ಉಸುಕಿನಲ್ಲಿ ಹೊಟ್ಟೆತನಕ ಹೂತುಬಿಟ್ಟಿದ್ದರು. ಅಪ್ಪನ ಜೊತೆ ನಾನೂ ಹೋದೆ. ಅಪ್ಪ ಪದ್ಧತಿಯಂತೆ ಬೈದ. ಅವರಿಗೂ ತಿಳಿಯಲೆಂದು ನಮ್ಮ ಕಡೆಯ ಉರ್ದು ದಖ್ಖನಿಯಲ್ಲೇ ಬೈದ. ಆ ಮನುಷ್ಯ ನಗುತ್ತಾ ಕೇಳಿಸಿಕೊಂಡು, ಜೀಪು ಹೊರಗೆ ಬಂದಮೇಲೆ ನಮ್ಮ ಗಾಡಿಯ ಸುತ್ತ ಎರಡು ಸಲ ತಿರುಗಿ ನೋಡಿ, ಚಳಿಗಾಲದಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ದೂರದ ಓಟ ಇರುತ್ತದೆ, ಹಳೆಯ ಗಾಡಿಗಳಿಗೆ ಬೇರೆಯೇ ವಿಭಾಗ ಇದೆ ಎಂದರು. ಆಮೇಲೆ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಆದರೆ ಇದಕ್ಕೆ ವಯಸ್ಸಾಯಿತು ಬಿಡಿ, ಮೊದಲ ದಿನವೇ ಕೂತುಬಿಡುತ್ತದೆ" ಎಂದೂ ಸೇರಿಸಿದರು. ಅಪ್ಪನ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ಅಷ್ಟು ಸಾಕಾಗಿತ್ತು ನನಗೆ.

ಓಟದ ನಿಯಮಗಳನ್ನು ತರಿಸಿಕೊಂಡು ಓದಿದೆ. ಗಾಡಿಯಲ್ಲಿ ಇಬ್ಬರಿರಬೇಕು, ಒಬ್ಬರು ನಡೆಸಬೇಕು, ಇನ್ನೊಬ್ಬರು ದಾರಿ ಹೇಳಬೇಕು, ಬೇಕಾದಾಗ ಸೀಟು ಬದಲಾಯಿಸಿಕೊಳ್ಳಬಹುದು. ಆ ಕೊನೆಯ ಮಾತು ಓದಿ ಮೈ ಜುಂ ಎಂದಿತು. ನಿಜ ಹೇಳಬೇಕೆಂದರೆ ನನಗೆ ಗೆಲ್ಲುವ ಆಸೆ ಇರಲಿಲ್ಲ, ಮರುಭೂಮಿ ನೋಡುವ ಆಸೆಯೂ ಅಷ್ಟಕ್ಕಷ್ಟೆ. ನನಗೆ ಆ ಸ್ಟೇರಿಂಗ್ ಬೇಕಿತ್ತು.

"ಇಬ್ಬರೂ ನಡೆಸಬಹುದಂತ್ರಿ ಅಪ್ಪಾ" ಅಂದೆ.

"ನಡೆಸಬಹುದಂತ ಐತಿ. ನಡೆಸಾಕಬೇಕು ಅಂತ ಇಲ್ಲಲ್ಲ?" ಅಂದ.

ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಉಸುಕಿನಾಗ ಓಡಾಕ ಅಷ್ಟು ದೂರ ಯಾಕ ಹೋಗ್ಬೇಕು? ಇಲ್ಲೇ ಹೊಳ್ಯಾಗ ಓಡ್ಯಾಡ್ರಿ, ಯಾರು ಬ್ಯಾಡ ಅಂತಾರ!" ಹಾಗಂದವಳೇ ಮರುದಿನದಿಂದ ದಾರಿಯ ಬುತ್ತಿಗೆ ಕಟಕ ರೊಟ್ಟಿ ಬಡಿಯಲು ಕೂತಳು. ಗದ್ವಾಲದ ಮೆಕ್ಯಾನಿಕ್ ಎಂಜಿನ್ ಇಳಿಸಿ ಮತ್ತೆ ಏರಿಸಿದ, ಒಳಗೆ ತಲೆಯ ಮೇಲೆ ಕಬ್ಬಿಣದ ಪೈಪಿನ ಪಂಜರ ಕಟ್ಟಿಸಿದೆವು. ಓಟದವರು ಹೇಳಿದ ಉಡುಪು ಬಂದಾಗ ಮಾತ್ರ ಮನೆಯಲ್ಲಿ ದೊಡ್ಡ ರಂಪವಾಯಿತು. ಕುತ್ತಿಗೆಯಿಂದ ಹಿಮ್ಮಡಿತನಕ ಒಂದೇ ಹೊಲಿಗೆಯ ಅಂಗಿ. ಜೀವಮಾನವಿಡೀ ಧೋತರ ಉಟ್ಟ ಅಪ್ಪ ಅದರೊಳಗೆ ನಿಂತು, "ಇದರಾಗ ಒಂದಕ್ಕ ಹೋಗೋದು ಹೆಂಗ್ರಿ?" ಎಂದು ನನ್ನ ಗಂಡನನ್ನು ಕೇಳಿದ. ಅವನು ನಗು ತಡೆಯಲಾರದೆ ಹಿತ್ತಲಿಗೆ ಓಡಿಹೋದ. ವಿಭೂತಿ ಹಚ್ಚಿದ ಹಣೆಯ ಮೇಲೆ ಹೆಲ್ಮೆಟ್ ಕೂರಿಸಿಕೊಂಡು ಅಪ್ಪ ಕನ್ನಡಿ ನೋಡಿದ ರೀತಿ ನೋಡಿ ನನಗೂ ನಗು, ಒಳಗೊಳಗೆ ಹೆಮ್ಮೆ.

ಗಾಡಿಯನ್ನು ಅಲ್ಲಿಯವರೆಗೂ ನಡೆಸಿಕೊಂಡೇ ಹೋದೆವು. ನಡೆಸಿದೆವು ಅಂದೆನೇ? ಅಪ್ಪ ನಡೆಸಿದ. ಮಹಾರಾಷ್ಟ್ರ ದಾಟಿತು, ಗುಜರಾತ್ ದಾಟಿತು, ನಾನು ಎಡಗಡೆ ಕೂತು ಕಾಲು ಕುಣಿಸುತ್ತಲೇ ಇದ್ದೆ. ಒಂದು ತಾಸು ಕೊಡ್ರಿ, ನಿದ್ದಿ ಮಾಡ್ರಿ ಎಂದರೆ "ನನಗ ನಿದ್ದಿ ಬಂದಿಲ್ಲ" ಅನ್ನುತ್ತಿದ್ದ, ಆಕಳಿಸುತ್ತಲೇ. ಚೆಕ್‌ಪೋಸ್ಟಿನಲ್ಲಿ ಪ್ರತಿ ಸಲ ಒಂದೇ ರಾಮಾಯಣ. ನಂಬರ್ ಆಂಧ್ರದ್ದು, ನಾವು ತೆಲಂಗಾಣ ಅನ್ನುತ್ತೇವೆ, ಆಡುವುದು ಕನ್ನಡ. ಅಪ್ಪ ಹಠ ಮಾಡಿ ಹಳೆಯ ನಂಬರನ್ನೇ ಉಳಿಸಿಕೊಂಡಿದ್ದ. "ತೆಲಂಗಾಣ ಎಲ್ಲಿ ಬರುತ್ತದೆ?" ಎಂದು ಒಬ್ಬ ಪೊಲೀಸ್ ಕೇಳಿದಾಗ ಅಪ್ಪನ ತಾಳ್ಮೆ ತಪ್ಪಿ, "ಹಮಾರೆ ಘರ್ ಕೂ ಆತಾ ಸಾಬ್, ಘರ್ ವಹೀಂಚ್ ಹೈ" ಅಂದುಬಿಟ್ಟ, ಅಂದರೆ ಅದು ನಮ್ಮ ಮನೆಗೇ ಬರುತ್ತದೆ, ಮನೆ ಅಲ್ಲೇ ಇದೆ ಎಂದು. ಪೊಲೀಸನಿಗೆ ಏನರ್ಥವಾಯಿತೋ, ನಕ್ಕು ಬಿಟ್ಟ.

ಮೊದಲ ದಿನದ ಓಟ ನೆನೆಸಿಕೊಂಡರೆ ಇವತ್ತಿಗೂ ಖುಷಿಯಾಗುತ್ತದೆ. ಉಸುಕು ಅಂದರೆ ನಮ್ಮ ಮನೆಯ ಮಾತಲ್ಲವೇ! ಚಕ್ರದ ಗಾಳಿ ಇಳಿಸು, ಬ್ರೇಕ್ ಮುಟ್ಟಬೇಡ, ಸ್ಟೇರಿಂಗ್ ಜೊತೆ ಜಗಳವಾಡಬೇಡ, ಗಾಡಿ ತಾನಾಗಿ ನಿಲ್ಲಲಿ. ಹೊಚ್ಚಹೊಸ ಗಾಡಿಗಳು ದಿಬ್ಬದ ಮೇಲೆ ಗರ್ ಗರ್ ಎಂದು ಗುಂಡಿ ತೋಡಿಕೊಳ್ಳುತ್ತಿದ್ದರೆ ನಮ್ಮ ಗಿಡ್ಡ ಮೂತಿಯದು ಗೊಣಗುತ್ತಾ ಹತ್ತಿ ಇಳಿಯಿತು. ಅಪ್ಪ ಪ್ರತಿಯೊಬ್ಬರನ್ನೂ ಕಿಟಕಿಯಿಂದಲೇ ಕನ್ನಡದಲ್ಲಿ ಬೈದುಕೊಂಡು ಮುಂದೆ ಹೋದ. ಸಂಜೆ ಬಿಡಾರಕ್ಕೆ ಬಂದಾಗ ಹಳೆಯ ಗಾಡಿಗಳಲ್ಲಿ ನಮ್ಮದು ಮುಂದಿನ ಸಾಲಿನಲ್ಲಿತ್ತು. "ನಾಳೆ ನನಗ ಸ್ವಲ್ಪ ಕೊಡ್ರಿ" ಅಂದೆ. "ಇಂಥಾ ಹೊತ್ತಿನಾಗ ಕೈ ಬದಲು ಮಾಡಬಾರದು" ಅಂದ.

ಎರಡನೆಯ ದಿನ ಮಧ್ಯಾಹ್ನ, ದಿಬ್ಬಗಳ ಸಾಲು ಮುಗಿದಲ್ಲಿ ಬಟ್ಟಲಂಥ ಒಂದು ಬಯಲು ಕಾಣಿಸಿತು. ಓಟದವರು ಕೊಟ್ಟ ದಾರಿಯ ಪುಸ್ತಕದ ಪ್ರಕಾರ ನಾವು ದಿಬ್ಬದ ಅಂಚು ಹಿಡಿದು ಬಯಲನ್ನು ಬಳಸಿಕೊಂಡು ಹೋಗಬೇಕು. ಆ ಪುಟದಲ್ಲಿ ಎಚ್ಚರಿಕೆಯ ಗುರುತೂ ಇತ್ತು. ಅಪ್ಪ ನಿಧಾನ ಮಾಡಿ ಬಯಲನ್ನು ನೋಡಿದ. ನೆಲ ಅಂಗೈಯಗಲ ಬಿರುಕು ಬಿಟ್ಟಿತ್ತು, ಅಲ್ಲಲ್ಲಿ ಬೂದಿ ಚೆಲ್ಲಿದ ಹಾಗೆ ಬಿಳುಪು.

"ಎರಿ ಹೊಲ ಬಿರಿದಂಗ ಬಿರಿದೈತಿ ನೋಡು. ಸುತ್ತಿ ಯಾಕ ಹೋಗೋಣು, ಸೀದಾ ಹೊಡಿತೀನಿ" ಅಂದ.

ನಾನೂ ಹೂಂ ಅಂದೆ. ನಮ್ಮ ಕಡೆಯ ಯಾರನ್ನೇ ಕೇಳಿ, ಹೂಂ ಅನ್ನುತ್ತಿದ್ದರು. ಎರೆ ನೆಲ ಹಸಿಯಿದ್ದರೆ ಎತ್ತಿನ ಕಾಲನ್ನೂ ಬಿಡುವುದಿಲ್ಲ. ಆದರೆ ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟಿತೆಂದರೆ ಆಳದವರೆಗೂ ಒಣಗಿದೆ ಎಂದೇ ಲೆಕ್ಕ, ಕಲ್ಲಿನಷ್ಟು ಗಟ್ಟಿ, ತುಂಬಿದ ಲಾರಿ ಹೋದರೂ ಜಗ್ಗುವುದಿಲ್ಲ. ಬಿರುಕು ಕಂಡರೆ ನಮಗೆ ಧೈರ್ಯ. ಅಲ್ಲಿನ ಬಿರುಕು ಬೇರೆಯೇ ಜಾತಿಯದೆಂದು ನಮಗೆ ಯಾರು ಹೇಳಬೇಕು? ಅದು ಉಪ್ಪಿನ ನೆಲ. ಮೇಲೊಂದು ಒಣ ಹಪ್ಪಳ, ಕೆಳಗೆ ಗಂಜಿಯಂಥ ಕೆಸರು. ಬಯಲಿನ ನಡುವಿಗೆ ಬಂದಾಗ ಹಪ್ಪಳ ಮುರಿಯಿತು. ಮುಂದಿನ ಗಾಲಿ ಇಳಿಯಿತು, ಹಿಂದಿನದು ಇಳಿಯಿತು, ಗಾಡಿ ಹೊಟ್ಟೆಯೂರಿ ಕೂತಿತು. ಮುಂದೆ ರಾಟೆ ಇತ್ತು, ಉಕ್ಕಿನ ಹಗ್ಗ ಇತ್ತು. ಕಟ್ಟಲು ಒಂದು ಗಿಡವಿಲ್ಲ, ಒಂದು ಕಲ್ಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಓಟದವರ ಟ್ರ್ಯಾಕ್ಟರ್ ಬಂತು. ದೂರದ ಗಟ್ಟಿ ನೆಲದ ಮೇಲೆ ನಿಂತು ಉದ್ದನೆಯ ಹಗ್ಗ ಎಸೆದರು. ಟ್ರ್ಯಾಕ್ಟರ್ ನಡೆಸುತ್ತಿದ್ದ ರಾಜಸ್ಥಾನಿ ಮುದುಕ ಅಪ್ಪನಿಗೆ ನೀರು ಕೊಟ್ಟು, "ಕುಡಿಯಿರಿ ಭಾಯಿ, ಹೊರಗಿನವರಿಗೆ ಇದು ತಿಳಿಯುವುದಿಲ್ಲ" ಎಂದು ಹಿಂದಿಯಲ್ಲಿ ಸಮಾಧಾನ ಮಾಡಿದ. ಒಂದೇ ಒಂದು ಬೈಗುಳವಿಲ್ಲ. ಅಪ್ಪ ನೀರಿನ ಬಾಟಲಿ ಹಿಡಿದು ಅವನ ಮುಖವನ್ನೇ ನೋಡುತ್ತಾ ನಿಂತ. ಅವನು ಬೈಯಲಿ ಎಂದು ಕಾಯುತ್ತಿದ್ದ ಅನ್ನಿಸಿತು ನನಗೆ. ಆತ ಬೈಯಲಿಲ್ಲ, ನಗುತ್ತಾ ಭುಜ ತಟ್ಟಿ ಹೋದ. ಅಪ್ಪನ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ನೋಡಿರಲಿಲ್ಲ.

ಓಟದಿಂದ ನಮ್ಮನ್ನು ತೆಗೆಯಲಿಲ್ಲ. ದಂಡದ ಸಮಯ ಕೂಡಿಸಿ, ಮರುದಿನದ ಕೊನೆಯ ಓಟಕ್ಕೆ ಹೊರಡಬಹುದು ಎಂದರು. ಬೆಳಿಗ್ಗೆ ನಾನು ಚಹಾ ತರುವಷ್ಟರಲ್ಲಿ ಅಪ್ಪ ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡಿದ್ದ. ಕೀಲಿ ಸ್ಟೇರಿಂಗ್ ಪಕ್ಕದಲ್ಲಿ ತೂಗಾಡುತ್ತಿತ್ತು.

"ನೀನ ನಡೆಸವ್ವ. ನನಗ ನೆಲ ತಿಳಿಯಂಗಿಲ್ಲ" ಅಂದ.

ಇಷ್ಟು ವರ್ಷ ನಾನು ಜೀವ ಬಿಡುತ್ತಿದ್ದದ್ದು ಅದೊಂದು ಸೀಟಿಗೆ. ಹತ್ತಿ ಕೂತೆ. ಅಯ್ಯೋ ಶಿವನೇ, ಆ ಖುಷಿ ಎಲ್ಲಿ ಹೋಗಿತ್ತೋ! ಗಾಡಿ ಹೊರಟಿತು, ನನ್ನ ಮಾತನ್ನು ಚೆನ್ನಾಗಿಯೇ ಕೇಳಿತು. ಅಪ್ಪ ಮಾತ್ರ ತೊಡೆಯ ಮೇಲೆ ಕೈಯಿಟ್ಟುಕೊಂಡು, ಸಂಬಂಧಿಕರ ಮನೆಗೆ ಹೊರಟವನ ಹಾಗೆ ಕೂತಿದ್ದ. ದಾರಿಯ ಪುಸ್ತಕ ನೋಡಿ "ಬಲಕ್ಕ" ಅಂದರೆ ಬಲಕ್ಕ, "ಎಡಕ್ಕ" ಅಂದರೆ ಎಡಕ್ಕ, ಅಷ್ಟೇ ಮಾತು. ನಾನು ಒಂದು ದಿಬ್ಬವನ್ನು ಓರೆಯಾಗಿ ಹತ್ತಿದೆ, ಗಾಡಿ ವಾಲಿತು, ಸುಮ್ಮನಿದ್ದ. ಬೇಕಂತಲೇ ಗೇರನ್ನು ತಪ್ಪಾಗಿ ಎಳೆದೆ. ಕಟಕಟ ಎಂದು ಹಲ್ಲು ಕಡಿದ ಸದ್ದು. ಆ ಸದ್ದಿಗೆ ಊರಲ್ಲಾಗಿದ್ದರೆ ನಡು ಊಟದಿಂದ ಎದ್ದು ಬಂದು ಮೈಮೇಲೆ ಬೀಳುತ್ತಿದ್ದ. ಈಗ ಕಿಟಕಿಯ ಆಚೆ ನೋಡುತ್ತಿದ್ದ. ಇನ್ನೊಮ್ಮೆ ಎಳೆದೆ, ಇನ್ನೂ ಕೆಟ್ಟದಾಗಿ. ಊಹೂಂ.

ನನಗೆ ತಡೆಯಲಾಗಲಿಲ್ಲ. ದಿಬ್ಬದ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ.

"ಬೈಯ್ರಿ" ಅಂದೆ.

"ಯಾಕ?"

"ಯಾಕ ಅಂತ ಕೇಳ್ತೀರೇನ್ರಿ? ಗೇರ್‌ಬಾಕ್ಸ್ ಹಾಳು ಮಾಡಾಕತ್ತೀನಿ, ಕಾಣಾಂಗಿಲ್ಲೇನು? ಬೈಯ್ರಿ ನನಗ! ಇಲ್ಲಂದ್ರ ನಾ ಇಲ್ಲಿಂದ ಗಾಡಿ ಅಲಗಾಡಸಂಗಿಲ್ಲ."

ಅಪ್ಪ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡ. ಹಿಂದಿನಿಂದ ಎರಡು ಗಾಡಿಗಳು ಬಂದು ನಮ್ಮನ್ನು ದಾಟಿ ಹೋದವು. ಆಮೇಲೆ ಅವನು ನನ್ನ ಕಡೆ ನೋಡದೆಯೇ ಹೇಳಿದ: "ನನಗ ಹೆದರಿಕಿ ಆಗೈತಿ ಯವ್ವಾ. ಇಷ್ಟು ಮಂದೀನ ಎಳದು ಹೊರಗ ಹಾಕೀನಿ, ಒಬ್ಬಾವನೂ ನನ್ನ ಮಾತಿಗೆ ತಿರುಗಿ ಮಾತಾಡಲಿಲ್ಲ. ಈಗ ನಾ ಯಾವ ಬಾಯಿಂದ ಬೈಲಿ?"

ಅತ್ತುಬಿಡುತ್ತೇನೆ ಅನ್ನಿಸಿತು, ಅಳುವ ಬದಲು ಕೀಲಿ ತಿರುಗಿಸಿದೆ. ಸಮಾಧಾನ ಹೇಳುವ ಸ್ವಭಾವ ನನ್ನದಲ್ಲ, ಅವನದೂ ಅಲ್ಲ.

ಕೊನೆಯ ದಿಬ್ಬ ಇಳಿದಾಗ ಎದುರಿಗೆ ಬಂದದ್ದು ಮತ್ತೊಂದು ಬಿರುಕಿನ ಬಯಲು. ಈ ಸಲ ಬಳಸಿ ಹೋಗಲು ಅಂಚೇ ಇಲ್ಲ, ಓಟದ ದಾರಿಯೇ ಅದರ ಮೇಲೆ. ಆಚೆ ದಡದಲ್ಲಿ ಮುಕ್ತಾಯದ ಬಾವುಟಗಳು ಕಾಣುತ್ತಿದ್ದವು. ಮುಂದೆ ಹೋದವರ ಗಾಲಿಯ ಗುರುತುಗಳು ನಾಲ್ಕಾರು ಕಡೆ ಚದುರಿಹೋಗಿದ್ದವು, ಯಾವುದನ್ನು ನಂಬುವುದು? ಹೊತ್ತು ಮೀರುತ್ತಿತ್ತು, ಕಾಲು ಆಕ್ಸಿಲರೇಟರಿನ ಮೇಲೆ ತಾನಾಗಿ ಕುಣಿಯುತ್ತಿತ್ತು. ನುಗ್ಗಿಬಿಡಲೇ?

ಅಷ್ಟರಲ್ಲಿ ಎಡಗಡೆಯ ಬಾಗಿಲು ತೆರೆದ ಸದ್ದು. ಅಪ್ಪ ಇಳಿದಿದ್ದ. ಬೂಟು ಬಿಚ್ಚಿ ಸೀಟಿನ ಮೇಲಿಟ್ಟ, ಅಂಗಿಯ ಕಾಲನ್ನು ಮೊಣಕಾಲತನಕ ಮಡಚಿದ, ಗಾಡಿಯ ಮುಂದೆ ಹೋಗಿ ನಿಂತ. ನಮ್ಮ ಹೊಳೆ ದಾಟುವವರು ಹಾಗೆ ಮಾಡುತ್ತಾರೆ. ನೀರಿನ ಕೆಳಗೆ ನೆಲ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಗೊತ್ತಿಲ್ಲದಾಗ ಒಬ್ಬರು ಬರಿಗಾಲಲ್ಲಿ ಮುಂದೆ ನಡೆಯುತ್ತಾರೆ, ಬಂಡಿ ಅವರ ಹೆಜ್ಜೆಯ ಹಿಂದೆ ಬರುತ್ತದೆ. ಅಪ್ಪ ಹಿಮ್ಮಡಿಯಿಂದ ನೆಲ ಗುದ್ದಿ ನೋಡಿದ, ಎರಡು ಹೆಜ್ಜೆ ಎಡಕ್ಕೆ ಸರಿದ, ಮತ್ತೆ ಗುದ್ದಿದ. ಕೈ ಎತ್ತಿ ಬಾ ಎಂದ.

ಮೊದಲನೇ ಗೇರಿನಲ್ಲಿ, ಮುದುಕನ ನಡಿಗೆಯ ವೇಗದಲ್ಲಿ ಒಂದು ಓಟದ ಗಾಡಿಯನ್ನು ನಡೆಸುವ ಸಂಕಟ ಏನೆಂದು ನನ್ನನ್ನು ಕೇಳಿ! ಕುದ್ದುಹೋದೆ. ಪಕ್ಕದಲ್ಲಿ ಒಬ್ಬರು ದೂಳೆಬ್ಬಿಸುತ್ತಾ ಹಾದುಹೋದರು, ಸ್ವಲ್ಪ ದೂರದಲ್ಲಿ ಅವರ ಗಾಲಿ ಹೂತಿತು. ಅಪ್ಪ ತಿರುಗಿಯೂ ನೋಡಲಿಲ್ಲ. ಬಯಲಿನ ನಡುವೆ ಒಂದು ಕಡೆ ಅವನ ಪಾದ ಕೆಸರಿಗಿಳಿಯಿತು. ಅವನು ಕಾಲು ಕಿತ್ತುಕೊಂಡು ಕೈ ಅಡ್ಡ ಮಾಡಿದ. ನಾನು ನಿಲ್ಲಿಸುವುದು ಒಂದು ಗಳಿಗೆ ತಡವಾಯಿತು.

"ಏಯ್! ಕಣ್ಣೇನು ನೆತ್ತಿ ಮ್ಯಾಲ ಅದಾವೇನು? ಕೈ ತೋರಿಸಿದ್ದು ಕಾಣಾಂಗಿಲ್ಲಾ? ಯಾವನಲೇ ನಿನಗ ಗಾಡಿ ಕಲಿಸಿದಾವ?"

ಆ ಕೂಗು ಗಾಜಿನೊಳಗಿಂದಲೂ ಕೇಳಿಸಿತು. ಕಲಿಸಿದವನು ಅವನೇ. ನಾನು ಒಳಗೆ ಕೂತು "ಬೈಯ್ರಿ, ಇನ್ನೂ ಬೈಯ್ರಿ" ಅಂದುಕೊಂಡೆ. ಅವನು ಬೈಯುತ್ತಲೇ ಬಲಕ್ಕೆ ಸರಿದು ಗಟ್ಟಿ ನೆಲ ಹುಡುಕಿದ, ಬೈಯುತ್ತಲೇ ಮುಂದೆ ನಡೆದ.

ಆಚೆ ದಡ ಹತ್ತಿದೆವು. ಮುಕ್ತಾಯದ ಗೆರೆ ಕಲ್ಲೆಸೆತದ ದೂರದಲ್ಲಿತ್ತು. ಬಾವುಟ ಹಿಡಿದ ಅಧಿಕಾರಿ ಇಬ್ಬರೂ ಗಾಡಿಯೊಳಗಿರಬೇಕು ಎಂದು ಕೂಗುತ್ತಾ ಗಡಿಯಾರ ತೋರಿಸಿದ. ಅಪ್ಪ ಕೆಸರುಗಾಲಲ್ಲಿ ಬಂದ. ಎಡಗಡೆಗೆ ಹೋಗಲಿಲ್ಲ. ನೇರ ನನ್ನ ಬಾಗಿಲಿಗೆ ಬಂದು ಅದನ್ನು ತೆರೆದ.

"ಸರಿ ಆ ಕಡೆ. ಇನ್ನ ನಾ ನಡೆಸ್ತೀನಿ."

"ಕೊಡಾಂಗಿಲ್ರಿ" ಅಂದೆ.

"ಗಾಡಿ ನಂದು."

"ಗಾಡಿ ನಿಮ್ಮದಾ ಇರಲಿ. ಇವತ್ತು ಸ್ಟೇರಿಂಗ್ ನಂದು."

"ಸೊಕ್ಕು ನೋಡು ಇದರದು! ಸ್ವಲ್ಪ ಕೊಡವ್ವ, ಅಲ್ಲೀತನಕ ಅಷ್ಟ. ಕೇಳಾಕತ್ತೀನಲ್ಲ?"

"ಊಹೂಂ."

ಮರುಭೂಮಿಯ ನಡುವೆ, ಓಟದ ಗೆರೆಯ ಮುಂದೆ, ಎಂಜಿನ್ ಒದರುತ್ತಿರುವಾಗ ನಾವಿಬ್ಬರೂ ಗಂಟಲು ಹರಿಯುವ ಹಾಗೆ ಜಗಳವಾಡಿದೆವು. ಅಧಿಕಾರಿ ಕಣ್ಣು ಬಿಟ್ಟುಕೊಂಡು ನಿಂತಿದ್ದ. ಕಡೆಗೆ ಅಪ್ಪ ಗೊಣಗುತ್ತಾ ಸುತ್ತು ಹಾಕಿ ಬಂದು ಎಡಗಡೆ ಹತ್ತಿದ, ಬಾಗಿಲನ್ನು ಧಡಾರನೆ ಎಳೆದುಕೊಂಡ, ಹೆಲ್ಮೆಟ್ ತಲೆಗೆ ಒತ್ತಿಕೊಂಡ. "ಏನ್ ನೋಡ್ತಿ? ಕ್ಲಚ್ಚಿನ ಮ್ಯಾಲಿಂದ ಕಾಲ ತಗಿ, ಸುಟ್ಟು ಹೊಕ್ಕೈತಿ!"

ಅಷ್ಟರೊಳಗೆ ಸಮಯ ಮುಗಿದುಹೋಗಿತ್ತು. ಬಾವುಟ ಇಳಿಸಿದ್ದರು. ಆದರೂ ನಾನು ಗೆರೆ ದಾಟಿಸಿದೆ. ಎದುರಿನದು ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣು ಒರೆಸಿಕೊಳ್ಳಬೇಕೆಂದರೆ ಒಂದು ಕೈ ತೆಗೆಯಬೇಕಿತ್ತು; ತೆಗೆದರೆ ಅಪ್ಪ ಸ್ಟೇರಿಂಗ್ ಹಿಡಿದುಬಿಡುತ್ತಾನೆಂದು ತೆಗೆಯಲಿಲ್ಲ.